ಗಾಳಿಯ ಸ್ಪ್ರಿಂಗು, ಬಾವಿಯ ನೀರು

ಕೊಳವೆಬಾವಿಯ ನೀರನ್ನು ಮನೆಯ ನಲ್ಲಿಗಳಿಗೆ ತರಬೇಕು. ಹೇಗೆ? ನಮ್ಮ ಊರುಗಳಲ್ಲಿ ಯಾರನ್ನು ಕೇಳಿದರೂ ಉತ್ತರ ಒಂದೇ. ತಾರಸಿಯ ಮೇಲೆ ಟ್ಯಾಂಕು ಇಡಿಸಿ, ಕರೆಂಟು ಇದ್ದಾಗ ಪಂಪು ಹಾಕಿ ತುಂಬಿಸಿಕೊಳ್ಳಿ. ಉಳಿದ ಕೆಲಸವನ್ನು ಗುರುತ್ವ ಮಾಡುತ್ತದೆ. ಈ ಉತ್ತರದಲ್ಲಿ ತಪ್ಪೇನೂ ಇಲ್ಲ. ಆದರೆ ಚಳಿಗಾಲದಲ್ಲಿ ಬಯಲಿನ ನೀರೆಲ್ಲ ಹೆಪ್ಪುಗಟ್ಟಿ ಟ್ಯಾಂಕನ್ನೇ ಸೀಳಿಬಿಡುವಂಥ ಊರಿನಲ್ಲಿ ನೀವಿದ್ದರೆ? ಮನೆಗೆ ಇಳಿಜಾರಿನ ಮರದ ಮಾಡು, ತಾರಸಿಯೇ ಇಲ್ಲ ಎನ್ನುವಂತಿದ್ದರೆ?

ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಹ್ಯಾಂಪ್‌ಶೈರ್ ಅಂಥ ಒಂದು ರಾಜ್ಯ. ಅಲ್ಲಿಯ ಜನರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಂದಿ ತಮ್ಮ ಮನೆಯಂಗಳದ ಬಾವಿಯ ನೀರನ್ನೇ ಬಳಸುತ್ತಾರೆ. ಇಡೀ ಅಮೆರಿಕದಲ್ಲಿ ಹೀಗೆ ಸ್ವಂತ ಬಾವಿಯನ್ನು ನಂಬಿರುವವರು ಸುಮಾರು 4 ಕೋಟಿ 30 ಲಕ್ಷ ಎಂದು ಅಲ್ಲಿಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಅಂದಾಜು. ಅವರ ಮನೆಗಳಲ್ಲಿ ನೀರಿನ ಟ್ಯಾಂಕು ತಲೆಯ ಮೇಲಿಲ್ಲ, ಕಾಲ ಕೆಳಗೆ, ನೆಲಮಾಳಿಗೆಯಲ್ಲಿದೆ. ಸೊಂಟದೆತ್ತರದ ಒಂದು ಉಕ್ಕಿನ ಉರುಳೆ. ಅದೇ ಒತ್ತಡದ ಟ್ಯಾಂಕು. ಕೆಳಗಿರುವ ಟ್ಯಾಂಕಿನಿಂದ ಮಹಡಿಯ ಸ್ನಾನದ ಮನೆಗೆ ನೀರು ಏರುವುದು ಹೇಗೆ? ಏರಿಸುವುದು ಅದರೊಳಗಿನ ಗಾಳಿ. ಆ ಗಾಳಿಯನ್ನು ಅದರ ಜಾಗದಲ್ಲಿ ಉಳಿಸಿಕೊಳ್ಳಲು ಇಂಜಿನಿಯರುಗಳು ಪಟ್ಟ ಪಾಡು ಸುಮಾರು ಎರಡೂವರೆ ಶತಮಾನಗಳ ಕಥೆ. ಆ ಕಥೆಯನ್ನು ಹೇಳುವ ಮುನ್ನ ನನ್ನದೇ ಒಂದು ತಪ್ಪನ್ನು ನಿಮಗೆ ಒಪ್ಪಿಸಬೇಕು.

ಕೆಲವು ವರ್ಷಗಳ ಹಿಂದೆ ಬೇಸಿಗೆ ರಜೆಯಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿರುವ ತಮ್ಮನ ಮನೆಗೆ ಹೋಗಿದ್ದೆ. ಅಡುಗೆಮನೆಯ ನಲ್ಲಿ ತಿರುಗಿಸಿದೊಡನೆ ನೆಲಮಾಳಿಗೆಯಲ್ಲಿ ‘ಟಕ್’ ಎಂಬ ಸದ್ದು. ನಾಲ್ಕೈದು ಸೆಕೆಂಡಿಗೆ ಮತ್ತೊಂದು ‘ಟಕ್’. ಪಂಪು ಶುರುವಾಗುವುದು, ನಿಲ್ಲುವುದು, ಮತ್ತೆ ಶುರುವಾಗುವುದು. “ಅಣ್ಣ, ನೀನು ಫಿಸಿಕ್ಸ್ ಮೇಷ್ಟ್ರು, ಒಂದು ಸಲ ನೋಡು. ಟ್ಯಾಂಕಿನ ಗಾಳಿ ಹೋಗಿದೆಯೋ ಏನೋ” ಎಂದ ತಮ್ಮ. ಟ್ಯಾಂಕಿನ ನೆತ್ತಿಯಲ್ಲಿ ಕಾರಿನ ಟಯರಿಗೆ ಇರುವಂಥದೇ ಗಾಳಿಕವಾಟ ಇತ್ತು. ಟಯರಿನ ಒತ್ತಡಮಾಪಕವನ್ನು ಅದಕ್ಕೆ ಒತ್ತಿ ಹಿಡಿದೆ. ಚದರ ಅಂಗುಲಕ್ಕೆ 46 ಪೌಂಡು ತೋರಿಸಿತು. ನೀರಿನ ಕೊಳವೆಯ ಮೇಲಿದ್ದ ಮಾಪಕದಲ್ಲೂ 46. ಬೆರಳಿಗೆ ಒಂದೆರಡು ಹನಿ ತೇವ ತಾಗಿತು. ಬೇಸಿಗೆಯಲ್ಲಿ ತಣ್ಣನೆಯ ಟ್ಯಾಂಕು ಬೆವರುವುದು ಸಹಜವೆಂದು ಒರೆಸಿಕೊಂಡೆ. “ಗಾಳಿ ಬೇಕಾದಷ್ಟಿದೆ. ಸ್ವಿಚ್ಚಿನ ದೋಷ ಇರಬೇಕು, ನಿಧಾನಕ್ಕೆ ನೋಡಿಸು” ಎಂದು ತೀರ್ಪು ಕೊಟ್ಟೆ. ಮೂವತ್ತು ವರ್ಷ ಬಾಯ್ಲ್ ನಿಯಮ ಪಾಠ ಮಾಡಿದ ಅಣ್ಣನ ಮಾತನ್ನು ತಮ್ಮ ನಂಬಿದ. ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ತಮ್ಮನ ಹೆಂಡತಿ ಬಂದು, “ಭಾವ, ಮನೆಯಲ್ಲಿ ಒಂದು ಹನಿ ನೀರಿಲ್ಲ” ಎಂದರು. ಬಾವಿಯೊಳಗಿನ ಪಂಪಿನ ಮೋಟರು ಸುಟ್ಟುಹೋಗಿತ್ತು.

ನನ್ನ ತೀರ್ಪಿನಲ್ಲಿ ತಪ್ಪೆಲ್ಲಿತ್ತು? ಓದುತ್ತಾ ಹೋದಂತೆ ನೀವೇ ಕಂಡುಹಿಡಿಯಬಲ್ಲಿರಿ.

ಎತ್ತರ, ಭಾರ, ಸ್ಪ್ರಿಂಗು

ನೀರನ್ನು ಒತ್ತಡದಲ್ಲಿ ಕೂಡಿಡಲು ಮೂರು ದಾರಿಗಳಿವೆ. ಮೊದಲನೆಯದು ಎತ್ತರ. ಸುಮಾರು 10 ಮೀಟರ್ ಎತ್ತರದ ನೀರಿನ ಕಂಬ ಒಂದು ವಾತಾವರಣದಷ್ಟು, ಎಂದರೆ ಚದರ ಅಂಗುಲಕ್ಕೆ 14.7 ಪೌಂಡಿನಷ್ಟು ಒತ್ತಡ ಕೊಡುತ್ತದೆ. (ಈ ಮಾನವನ್ನು ಮುಂದೆ ‘ಪಿ.ಎಸ್.ಐ.’ ಎನ್ನೋಣ, ಪಂಪು, ಟಯರುಗಳ ಲೋಕದಲ್ಲಿ ಇಂದಿಗೂ ನಡೆಯುವ ನಾಣ್ಯ ಅದೇ.) ನಲ್ಲಿಗಿಂತ 6 ಮೀಟರ್ ಮೇಲಿರುವ ನಮ್ಮ ತಾರಸಿ ಟ್ಯಾಂಕು ಕೊಡುವುದು ಸುಮಾರು 8.5 ಪಿ.ಎಸ್.ಐ. ಮಾತ್ರ. ತಮ್ಮನ ಮನೆಯಲ್ಲಿ ಬಳಸುವ 50 ಪಿ.ಎಸ್.ಐ. ಬೇಕೆಂದರೆ ಟ್ಯಾಂಕನ್ನು 35 ಮೀಟರ್ ಎತ್ತರದಲ್ಲಿಡಬೇಕು.

ಇಂಗ್ಲೆಂಡಿನ ವಿಲಿಯಂ ಆರ್ಮ್‌ಸ್ಟ್ರಾಂಗ್ ಇದನ್ನು ಮಾಡಿಯೂ ತೋರಿಸಿದ. ಗ್ರಿಮ್ಸ್‌ಬಿ ಬಂದರಿನ ಲಾಕ್‌ಗೇಟುಗಳನ್ನೂ ಕ್ರೇನುಗಳನ್ನೂ ನೀರಿನ ಒತ್ತಡದಿಂದ ನಡೆಸಲು ಸುಮಾರು 94 ಮೀಟರ್ ಎತ್ತರದ ಇಟ್ಟಿಗೆಯ ಗೋಪುರ 1852ರಲ್ಲಿ ಸಿದ್ಧವಾಯಿತು. ಆದರೆ ಹಂಬರ್ ನದೀಮುಖದ ಮೇಲಿನ ನ್ಯೂ ಹಾಲೆಂಡ್‌ನ ಮರಳುನೆಲ ಅಂಥ ಗೋಪುರವನ್ನು ಹೊರುವಂತಿರಲಿಲ್ಲ. ಆಗ ಆರ್ಮ್‌ಸ್ಟ್ರಾಂಗ್ ಎರಡನೆಯ ದಾರಿ ಹಿಡಿದ. ನಿಂತ ಉರುಳೆಯಲ್ಲಿ ನೀರು ತುಂಬಿ, ಅದರ ಕೊಂತದ ಮೇಲೆ ಭಾರವಾದ ತೂಕ ಹೇರಿದ. ಗೋಪುರದ ಎತ್ತರ ಮಾಡುತ್ತಿದ್ದ ಕೆಲಸವನ್ನು ತೂಕ ಮಾಡಿತು. ಬಂದರಿಗೆ ಇದು ಸರಿ. ಮನೆಯ ನೆಲಮಾಳಿಗೆಗೆ ಟನ್ನುಗಟ್ಟಲೆ ತೂಕ ತರುವವರು ಯಾರು?

ಮೂರನೆಯ ದಾರಿ ಸ್ಪ್ರಿಂಗು. ನೀರನ್ನು ಅದುಮಿ ಸ್ಪ್ರಿಂಗಿನಂತೆ ಬಳಸಬಹುದೇ? ಆಗದು. 76 ಲೀಟರ್ ನೀರು ತುಂಬಿದ ಟ್ಯಾಂಕಿನಲ್ಲಿ ಗಾಳಿ ಒಂದಿಷ್ಟೂ ಇಲ್ಲವೆಂದುಕೊಳ್ಳಿ. ಒತ್ತಡ 50ರಿಂದ 30 ಪಿ.ಎಸ್.ಐ.ಗೆ ಇಳಿಯುವಾಗ ಆ ನೀರು ಹಿಗ್ಗುವುದು ಸುಮಾರು 5 ಮಿಲಿಲೀಟರು, ಒಂದು ಟೀ ಚಮಚದಷ್ಟು. ಅಂದರೆ ಒಂದು ಚಮಚ ನೀರು ತೆಗೆದರೆ ಪಂಪು ಮತ್ತೆ ಶುರುವಾಗಬೇಕು. ಹಿಗ್ಗುವ, ಕುಗ್ಗುವ ಗುಣವಿರುವುದು ಗಾಳಿಗೆ. ಹಾಗಾಗಿ ನಾವೀಗ ಹದಿನೇಳನೆಯ ಶತಮಾನಕ್ಕೆ ಹೋಗಬೇಕು.

ಬಾಯ್ಲ್‌ನ ಕೊಳವೆ

ರಾಬರ್ಟ್ ಬಾಯ್ಲ್ 1660ರಲ್ಲಿ ಗಾಳಿಯ ಕುರಿತು ತನ್ನ ಪ್ರಯೋಗಗಳ ಪುಸ್ತಕ ಪ್ರಕಟಿಸಿದಾಗ ಅದರ ಶೀರ್ಷಿಕೆಯಲ್ಲೇ ‘ಗಾಳಿಯ ಸ್ಪ್ರಿಂಗು’ ಎಂಬ ಮಾತಿತ್ತು. ಗಾಳಿಯನ್ನು ಅವನು ಕತ್ತರಿಸಿದ ಉಣ್ಣೆಯ ರಾಶಿಗೆ ಹೋಲಿಸಿದ್ದ. ಅದುಮಿದರೆ ಕುಗ್ಗುತ್ತದೆ, ಬಿಟ್ಟರೆ ಉಬ್ಬುತ್ತದೆ. ಫ್ರಾನ್ಸಿಸ್ ಲೈನಸ್ ಎಂಬ ವಿದ್ವಾಂಸ ಇದನ್ನು ಒಪ್ಪಲಿಲ್ಲ. ಅವನಿಗೆ ಉತ್ತರ ಕೊಡುವ ಸಲುವಾಗಿ ಬಾಯ್ಲ್ 1662ರಲ್ಲಿ, ಪುಸ್ತಕದ ಎರಡನೆಯ ಆವೃತ್ತಿಯಲ್ಲಿ, ಇಂದು ನಾವು ಬಾಯ್ಲ್ ನಿಯಮವೆಂದು ಕರೆಯುವ ಅಳತೆಗಳನ್ನು ಪ್ರಕಟಿಸಿದ. ವಾದಕ್ಕೆ ಉತ್ತರವಾಗಿ ಹುಟ್ಟಿದ ಕೋಷ್ಟಕ ಅದು!

‘ಜೆ’ ಅಕ್ಷರದಂತೆ ಬಾಗಿಸಿದ ಗಾಜಿನ ಕೊಳವೆ. ಮುಚ್ಚಿದ ಗಿಡ್ಡ ತುದಿಯಲ್ಲಿ 12 ಅಂಗುಲ ಗಾಳಿ. ತೆರೆದ ಉದ್ದನೆಯ ತೋಳಿನಲ್ಲಿ ಪಾದರಸ ಸುರಿಯುತ್ತಾ ಹೋದಂತೆ ಆ 12 ಅಂಗುಲ 3 ಅಂಗುಲಕ್ಕೆ ಇಳಿಯಿತು. ಪಾದರಸದ ಲೆಕ್ಕದಲ್ಲಿ ಒತ್ತಡ ಸುಮಾರು 29 ಅಂಗುಲದಿಂದ ಸುಮಾರು 117 ಅಂಗುಲಕ್ಕೆ ಏರಿತು. ಗಾತ್ರ ಕಾಲುಭಾಗ, ಒತ್ತಡ ನಾಲ್ಕು ಪಟ್ಟು. ಈ ಅಂಕಿಗಳನ್ನು ನೆನಪಿಡಿ. 50 ಪಿ.ಎಸ್.ಐ. ತೋರಿಸುವ ಟ್ಯಾಂಕಿನೊಳಗಿನ ನಿಜವಾದ ಒತ್ತಡ, ವಾತಾವರಣದ ಪಾಲೂ ಸೇರಿ, 4.4 ವಾತಾವರಣ. ಬಾಯ್ಲ್ ಪಾದರಸ ಸುರಿದು ತಲುಪಿದ ಎತ್ತರಕ್ಕಿಂತ ತುಸುವೇ ಮೇಲೆ ಇಂದಿನ ನೆಲಮಾಳಿಗೆಯ ಟ್ಯಾಂಕು ಕೆಲಸ ಮಾಡುತ್ತಿದೆ.

ಒಂದು ಷರತ್ತನ್ನು ಪಠ್ಯಪುಸ್ತಕಗಳು ಹೇಳುತ್ತವೆ, ನಾವು ಮೇಷ್ಟ್ರುಗಳು ಬೇಗ ದಾಟಿಬಿಡುತ್ತೇವೆ. ‘ನಿರ್ದಿಷ್ಟ ದ್ರವ್ಯರಾಶಿಯ ಅನಿಲಕ್ಕೆ’ ಎಂಬ ಷರತ್ತು ಅದು. ಬಾಯ್ಲ್‌ನ ಕೊಳವೆಯಲ್ಲಿ ಗಾಳಿ ಪಾದರಸದ ಮೇಲೆ ಬಂದಿಯಾಗಿತ್ತು, ಹೆಚ್ಚುವಂತಿರಲಿಲ್ಲ, ಕಡಿಮೆಯಾಗುವಂತಿರಲಿಲ್ಲ. ಪಾದರಸದ ಜಾಗದಲ್ಲಿ ನೀರು ಬಂದಾಗ ತೊಂದರೆ ಶುರುವಾಯಿತು.

ಬೆಂಕಿಯಂತ್ರದಿಂದ ಜಲರ‍್ಯಾಮಿನವರೆಗೆ

ಕೊಂತವಿರುವ ಪಂಪು ನೀರನ್ನು ಒಂದೇ ಸಮನೆ ತಳ್ಳುವುದಿಲ್ಲ. ಕೊಂತ ಇಳಿದಾಗ ಚಿಮ್ಮುತ್ತದೆ, ಏರಿದಾಗ ನಿಲ್ಲುತ್ತದೆ. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಕ್ಟೆಸಿಬಿಯಸ್ ರೂಪಿಸಿದ ಪಂಪಿನ ಕಾಲದಿಂದಲೂ ಕೊಂತದ ಪಂಪಿಗೆ ಅಂಟಿಬಂದ ಗುಣ ಇದು. ಬೆಂಕಿ ಆರಿಸಲು ಹೊರಟವರಿಗೆ ಇಂಥ ತುಂಡು ತುಂಡು ಧಾರೆ ಸಾಲದು. ಲಂಡನ್ನಿನಲ್ಲಿ ಮುತ್ತಿನ ಗುಂಡಿಗಳನ್ನು ಮಾಡುತ್ತಿದ್ದ ರಿಚರ್ಡ್ ನ್ಯೂಶಾಮ್ 1721 ಮತ್ತು 1725ರಲ್ಲಿ ಬೆಂಕಿಯಂತ್ರಗಳಿಗೆ ಪೇಟೆಂಟ್ ಪಡೆದ. ಅವನ ಯಂತ್ರದಲ್ಲಿ ಎರಡು ಕೊಂತಗಳ ಜೊತೆಗೆ ಒಂದು ವಾಯುಕೋಶವಿತ್ತು. ಪಂಪು ತಳ್ಳಿದ ನೀರು ಮೊದಲು ಈ ಮುಚ್ಚಿದ ಪಾತ್ರೆಗೆ ಹೋಗಿ ಅಲ್ಲಿಯ ಗಾಳಿಯನ್ನು ಅದುಮುತ್ತದೆ. ಕೊಂತ ಸುಮ್ಮನಿರುವ ಕ್ಷಣದಲ್ಲಿ ಅದುಮಿದ ಗಾಳಿ ಹಿಗ್ಗಿ ನೀರನ್ನು ಹೊರತಳ್ಳುತ್ತದೆ. ಧಾರೆ ತುಂಡಾಗುವುದಿಲ್ಲ. 1731ರಲ್ಲಿ ನ್ಯೂಯಾರ್ಕ್ ನಗರ ಇಂಥ ಎರಡು ಯಂತ್ರಗಳನ್ನು ಹಡಗಿನಲ್ಲಿ ತರಿಸಿಕೊಂಡಿತು.

ಬೆಂಕಿಯಂತ್ರ ಕೆಲಸ ಮಾಡುವುದು ಕೆಲವು ಗಂಟೆಗಳ ಹೊತ್ತು. ಆಮೇಲೆ ಪಾತ್ರೆಯ ನೀರು ಬಸಿದುಹೋಗುತ್ತದೆ, ಹೊಸ ಗಾಳಿ ತಾನಾಗಿಯೇ ತುಂಬಿಕೊಳ್ಳುತ್ತದೆ. ಆದ್ದರಿಂದ ವಾಯುಕೋಶದ ದೌರ್ಬಲ್ಯ ಅಲ್ಲಿ ಬಯಲಾಗಲಿಲ್ಲ. ಬಯಲಾದದ್ದು ಹಗಲಿರುಳು ದುಡಿಯುವ ಇನ್ನೊಂದು ಯಂತ್ರದಲ್ಲಿ. 1772ರಲ್ಲಿ ಇಂಗ್ಲೆಂಡಿನ ಚೆಷೈರ್‌ನ ಔಲ್ಟನ್ ಎಂಬಲ್ಲಿ ಜಾನ್ ವೈಟ್‌ಹರ್ಸ್ಟ್ ಒಂದು ವಿಚಿತ್ರ ಏರ್ಪಾಡು ಮಾಡಿದ. ಕೊಳವೆಯಲ್ಲಿ ಹರಿಯುವ ನೀರನ್ನು ನಲ್ಲಿ ಮುಚ್ಚಿ ತಟ್ಟನೆ ನಿಲ್ಲಿಸಿದರೆ ಒಳಗೆ ಒತ್ತಡ ಜಿಗಿಯುತ್ತದೆಯಷ್ಟೆ? ಆ ಜಿಗಿತದಿಂದ ಒಂದಿಷ್ಟು ನೀರು ವಾಯುಕೋಶಕ್ಕೆ ನುಗ್ಗಿ, ಅಲ್ಲಿಂದ ಎತ್ತರದ ತೊಟ್ಟಿಗೆ ಏರುತ್ತಿತ್ತು. 1796ರಲ್ಲಿ ಫ್ರಾನ್ಸಿನ ಜೋಸೆಫ್ ಮಾಂಗೋಲ್ಫಿಯೆ, 1783ರಲ್ಲಿ ತಮ್ಮನೊಡನೆ ಬಿಸಿಗಾಳಿಯ ಬಲೂನು ಹಾರಿಸಿದ ಅದೇ ಮಾಂಗೋಲ್ಫಿಯೆ, ತನ್ನ ಕಾಗದದ ಗಿರಣಿಗಾಗಿ ಇದನ್ನು ಸ್ವಯಂಚಾಲಿತವನ್ನಾಗಿ ಮಾಡಿದ. ಜಲರ‍್ಯಾಮ್ ಎಂದು ಹೆಸರಾದ ಯಂತ್ರ ಇದು. ಇಂಧನ ಬೇಡ, ಕಾವಲು ಬೇಡ. ನೀರು ಹರಿಯುವವರೆಗೆ ಬಡಿಯುತ್ತಲೇ ಇರುತ್ತದೆ.

ಆದರೆ ಬಿಡುವಿಲ್ಲದೆ ನಡೆಯುವ ರ‍್ಯಾಮಿನ ವಾಯುಕೋಶದಲ್ಲಿ ದಿನ ಕಳೆದಂತೆ ಗಾಳಿ ಕಡಿಮೆಯಾಗುತ್ತಾ ಹೋಗುತ್ತದೆ. ಕೊನೆಗೆ ಕೋಶದ ತುಂಬ ನೀರೇ. ಆಗ ಪ್ರತಿ ಬಡಿತವೂ ಕಬ್ಬಿಣದ ಮೇಲೆ ಸುತ್ತಿಗೆಯ ಏಟು. ಕೊಳವೆ, ಕೀಲುಗಳು ಬಿರಿಯುತ್ತವೆ. ಪಾತ್ರೆಯಲ್ಲಿ ಸೋರಿಕೆಯಿಲ್ಲ. ಹಾಗಾದರೆ ಗಾಳಿ ಹೋದದ್ದೆಲ್ಲಿಗೆ?

ನೀರು ನುಂಗಿದ ಗಾಳಿ

ಇದಕ್ಕೆ ಉತ್ತರದ ಸೂತ್ರ ಸಿಕ್ಕಿದ್ದು ಮ್ಯಾಂಚೆಸ್ಟರಿನ ವಿಲಿಯಂ ಹೆನ್ರಿಯಿಂದ. ನೀರು ಬೇರೆ ಬೇರೆ ಒತ್ತಡಗಳಲ್ಲಿ ಎಷ್ಟೆಷ್ಟು ಅನಿಲವನ್ನು ಹೀರಿಕೊಳ್ಳುತ್ತದೆಂದು ಅಳೆದು ಅವನು 1803ರಲ್ಲಿ ಪ್ರಕಟಿಸಿದ. ಒತ್ತಡ ಇಮ್ಮಡಿಯಾದರೆ ಲೀನವಾಗುವ ಅನಿಲವೂ ಇಮ್ಮಡಿ. ಸೋಡಾ ಬಾಟಲಿಯ ಉದಾಹರಣೆ ಕೊಟ್ಟು ತರಗತಿಯಲ್ಲಿ ನಾವು ಹೇಳುವ ಹೆನ್ರಿ ನಿಯಮ.

ಇದನ್ನು ನಮ್ಮ 76 ಲೀಟರ್ ಟ್ಯಾಂಕಿಗೆ ಹೊಂದಿಸಿ ನೋಡಿ. ಸಾಮಾನ್ಯ ಒತ್ತಡದಲ್ಲಿ ಒಂದು ಲೀಟರ್ ತಣ್ಣೀರು ಸುಮಾರು 20 ಮಿಲಿಲೀಟರ್ ಗಾಳಿಯನ್ನು ಕರಗಿಸಿಕೊಳ್ಳುತ್ತದೆ. 4 ವಾತಾವರಣದಲ್ಲಿ ಅದು 80 ಆಗುತ್ತದೆ (ಎರಡೂ ಸಾಮಾನ್ಯ ಒತ್ತಡದಲ್ಲಿ ಅಳೆದ ಗಾತ್ರ). ಅಂದರೆ ಟ್ಯಾಂಕಿನ ಮೂಲಕ ಹಾದುಹೋಗುವ ಪ್ರತಿ ಲೀಟರಿಗೂ ಇನ್ನು 60 ಮಿಲಿಲೀಟರ್ ಗಾಳಿಯನ್ನು ಹೊತ್ತೊಯ್ಯುವ ಶಕ್ತಿ ಇದೆ. ನಾಲ್ವರ ಕುಟುಂಬ ದಿನಕ್ಕೆ ಸಾವಿರ ಲೀಟರ್ ಬಳಸಿದರೆ ಅದು 60 ಲೀಟರ್ ಗಾಳಿ! ಟ್ಯಾಂಕಿನಲ್ಲಿ ಮೊದಲಿಗೆ ಇದ್ದದ್ದೇ 76 ಲೀಟರು. ಇದು ಗರಿಷ್ಠ ಲೆಕ್ಕ. ವಾಸ್ತವದಲ್ಲಿ ಗಾಳಿ ಕರಗುವುದು ನೀರಿನ ಮೇಲ್ಮೈಯಲ್ಲಿ ಮಾತ್ರ, ಅದೂ ನಿಧಾನವಾಗಿ. ಹಾಗಾಗಿ ಟ್ಯಾಂಕು ಬರಿದಾಗಲು ವಾರಗಳೋ ತಿಂಗಳುಗಳೋ ಹಿಡಿಯುತ್ತವೆ. ಆದರೆ ಬರಿದಾಗುವುದಂತೂ ಖಂಡಿತ.

ಕದ್ದ ಮಾಲನ್ನು ನೀವು ಕಣ್ಣಾರೆ ನೋಡಲೂಬಹುದು. ಒತ್ತಡದ ಕೊಳವೆಯಿಂದ ಲೋಟಕ್ಕೆ ಹಿಡಿದ ನೀರು ಒಮ್ಮೊಮ್ಮೆ ಹಾಲಿನಂತೆ ಬೆಳ್ಳಗಿರುತ್ತದೆ; ಅರೆ ನಿಮಿಷದಲ್ಲಿ ತಳದಿಂದ ಮೇಲಕ್ಕೆ ತಿಳಿಯಾಗುತ್ತದೆ. ಸುಣ್ಣವಾಗಿದ್ದರೆ ಮೇಲಿನಿಂದ ಕೆಳಕ್ಕೆ ತಿಳಿಯಾಗಬೇಕಿತ್ತು. ಅದು ಒತ್ತಡ ಇಳಿದಾಗ ನೀರಿನಿಂದ ಬಿಡುಗಡೆಯಾದ ಗಾಳಿ.

ಜಲರ‍್ಯಾಮಿಗೆ ಮದ್ದು ಸರಳವಾಗಿತ್ತು. ವಾಯುಕೋಶದ ಕೆಳಗೆ ಒಂದು ಪುಟ್ಟ ಮೂಸುಕವಾಟ. ಪ್ರತಿ ಬಡಿತದ ಕೊನೆಯಲ್ಲಿ ಒತ್ತಡ ಕ್ಷಣಕಾಲ ಹೊರಗಿನದಕ್ಕಿಂತ ಕೆಳಗಿಳಿದಾಗ ಅದು ಒಂದು ಗುಟುಕು ಗಾಳಿಯನ್ನು ಮೂಸಿ ಒಳಗೆಳೆದುಕೊಳ್ಳುತ್ತದೆ. ಕಳೆದುಕೊಂಡದ್ದನ್ನು ಗುಟುಕು ಗುಟುಕಾಗಿ ತುಂಬುವುದು, ಇಷ್ಟೇ ಉಪಾಯ. ಮುಂದಿನ ಒಂದೂವರೆ ಶತಮಾನ ಇಂಜಿನಿಯರುಗಳು ಇದೇ ಉಪಾಯದ ಆಸರೆಯಲ್ಲಿದ್ದರು.

ನೆಲಮಾಳಿಗೆಗೆ ಇಳಿದ ಟ್ಯಾಂಕು

ಅಮೆರಿಕದ ಹೊಲಮನೆಗಳಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ನೀರೆತ್ತುತ್ತಿದ್ದದ್ದು ಕೈಪಂಪು ಮತ್ತು ಗಾಳಿಗಿರಣಿ. 1854ರಲ್ಲಿ ಡೇನಿಯಲ್ ಹ್ಯಾಲಡೆ ತನ್ನ ವೇಗವನ್ನು ತಾನೇ ನಿಯಂತ್ರಿಸಿಕೊಳ್ಳುವ ಗಾಳಿಗಿರಣಿಯನ್ನು ರೂಪಿಸಿದ. ನೀರನ್ನು ಮರದ ಅಟ್ಟಣೆಯ ಮೇಲಿನ ಪೀಪಾಯಿಯಲ್ಲಿ ಕೂಡಿಡುತ್ತಿದ್ದರು. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟುವ ಕಾಟವಂತೂ ಇದ್ದೇ ಇತ್ತು. ಶತಮಾನ ಹೊರಳುವ ಹೊತ್ತಿಗೆ ವಾಯುಕೋಶವನ್ನೇ ದೊಡ್ಡದು ಮಾಡಿ, ಹಿಮ ತಾಗದ ನೆಲಮಾಳಿಗೆಯಲ್ಲಿಟ್ಟು, ನೀರಿನ ದಾಸ್ತಾನಾಗಿ ಬಳಸುವ ಪದ್ಧತಿ ಬಂತು. ಕೈಯಿಂದಲೋ ಪೆಟ್ರೋಲ್ ಇಂಜಿನಿನಿಂದಲೋ ಪಂಪು ಹೊಡೆದು ಟ್ಯಾಂಕಿನ ಒತ್ತಡ ಏರಿಸಬೇಕಿತ್ತು.

ಇದು ಮನೆಮನೆಯ ಮಾತಾಗಲು ವಿದ್ಯುತ್ತು ಬರಬೇಕಾಯಿತು. 1930ರ ದಶಕದ ನಡುವಿನಲ್ಲಿ ಅಮೆರಿಕದ ಹೊಲಮನೆಗಳಲ್ಲಿ ಹತ್ತಕ್ಕೆ ಒಂದರಷ್ಟಕ್ಕೆ ಮಾತ್ರ ವಿದ್ಯುತ್ ಸಂಪರ್ಕವಿತ್ತು. 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಗ್ರಾಮೀಣ ವಿದ್ಯುದೀಕರಣ ಆಡಳಿತವನ್ನು ಸ್ಥಾಪಿಸಿದರು. ಎರಡು ದಶಕಗಳಲ್ಲಿ ಲೆಕ್ಕ ತಿರುಗಿತು. ಹತ್ತರಲ್ಲಿ ಒಂಬತ್ತು ಹೊಲಮನೆಗಳಿಗೆ ತಂತಿ ಬಂತು. ತಂತಿಯ ಬೆನ್ನಿಗೆ ಬಂದದ್ದು ವಿದ್ಯುತ್ ಪಂಪು, ಒತ್ತಡದ ಸ್ವಿಚ್ಚು ಮತ್ತು ಟ್ಯಾಂಕು. ಬಾವಿಯಿಂದ ಬಕೆಟ್ಟು ಹೊತ್ತು ತರುವುದು ಅಲ್ಲಿಯೂ ಹೆಚ್ಚಾಗಿ ಹೆಂಗಸರ ಪಾಲಿನ ಕೆಲಸವಾಗಿತ್ತು. ಆ ಹೊರೆ ಇಳಿಸಿದ ಮೂರು ವಸ್ತುಗಳಲ್ಲಿ ಟ್ಯಾಂಕೂ ಒಂದು.

ಒತ್ತಡದ ಸ್ವಿಚ್ಚಿನ ಕೆಲಸ ಸರಳ. 30 ಪಿ.ಎಸ್.ಐ.ಗೆ ಇಳಿದಾಗ ಪಂಪನ್ನು ಶುರುಮಾಡುತ್ತದೆ, 50ಕ್ಕೆ ಏರಿದಾಗ ನಿಲ್ಲಿಸುತ್ತದೆ. ಈ ಎರಡರ ನಡುವೆ ನೀರು ಕೊಡುವವನು ಪಂಪಲ್ಲ, ಗಾಳಿ. ಗಾಳಿಯ ಕಳ್ಳತನಕ್ಕೆ ಇಲ್ಲೂ ಮೂಸುಕವಾಟವೇ ಮದ್ದು. ಪಂಪು ನಿಂತಾಗ ಬಾವಿಯೊಳಗಿನ ಕೊಳವೆಯ ಸ್ವಲ್ಪ ಭಾಗ ಬಸಿದು ಗಾಳಿ ತುಂಬಿಕೊಳ್ಳುವಂತೆ ಮಾಡುತ್ತಿದ್ದರು. ಪಂಪು ಮತ್ತೆ ಶುರುವಾದಾಗ ಆ ಗಾಳಿ ಟ್ಯಾಂಕಿಗೆ ಸೇರುತ್ತಿತ್ತು. ಹೆಚ್ಚಾದರೆ ಹೊರಬಿಡಲು ಮತ್ತೊಂದು ಸಾಧನ. ಕೆಲವರು ನೀರಿನ ಮೇಲೆ ಒಂದು ತೇಲುಬಿಲ್ಲೆಯನ್ನಿಟ್ಟು ಗಾಳಿ-ನೀರುಗಳ ಸಂಪರ್ಕವನ್ನು ಕಡಿಮೆ ಮಾಡಿದರು. ಇಷ್ಟಾದರೂ ಕವಾಟ ಕಿಲುಬು ಹಿಡಿದರೆ ಕಥೆ ಮತ್ತೆ ಮೊದಲಿಗೆ ಬರುತ್ತಿತ್ತು.

ನಡುವೆ ಒಂದು ಪೊರೆ

ಕಳೆದದ್ದನ್ನು ತುಂಬುವ ಬದಲು ಕಳೆಯದಂತೆ ಮಾಡಲಾಗದೇ? ಗಾಳಿಗೂ ನೀರಿಗೂ ನಡುವೆ ಒಂದು ರಬ್ಬರಿನ ಪೊರೆ ಇಟ್ಟರೆ? ಯೋಚನೆ ಸುಲಭ, ವಸ್ತು ಸಿಗಲು ಕಾಲ ಹಿಡಿಯಿತು. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕ ಬೆರೆಸಿ ಕಾಯಿಸಿ ರಬ್ಬರನ್ನು ಗಟ್ಟಿಮಾಡುವುದನ್ನು ಕಂಡುಕೊಂಡಿದ್ದ. ಆದರೆ ಸಹಜ ರಬ್ಬರಿನ ಮೂಲಕ ಗಾಳಿ ನಿಧಾನವಾಗಿ ನುಸುಳುತ್ತದೆ. 1937ರಲ್ಲಿ ಅಮೆರಿಕದ ವಿಲಿಯಂ ಸ್ಪಾರ್ಕ್ಸ್ ಮತ್ತು ರಾಬರ್ಟ್ ಥಾಮಸ್ ಬ್ಯೂಟೈಲ್ ರಬ್ಬರನ್ನು ತಯಾರಿಸಿದರು. ಇದರ ಮೂಲಕ ನುಸುಳುವ ಗಾಳಿ ಸಹಜ ರಬ್ಬರಿನ ಸುಮಾರು ಹತ್ತನೇ ಒಂದು ಪಾಲು ಮಾತ್ರ. ವಾಹನಗಳ ಟ್ಯೂಬುಗಳಿಗೆ ಒದಗಿಬಂದದ್ದು ಈ ಗುಣವೇ. 1960ರ ದಶಕದ ಆರಂಭದಲ್ಲಿ ರೋಡ್ ಐಲೆಂಡ್ ರಾಜ್ಯದ ಒಂದು ಕಂಪನಿ (ಮುಂದೆ ಆಮ್‌ಟ್ರೋಲ್ ಎಂದು ಹೆಸರಾದದ್ದು) ಪೊರೆಯಿರುವ, ಕಾರ್ಖಾನೆಯಲ್ಲೇ ಗಾಳಿ ತುಂಬಿ ಕಳುಹಿಸುವ ಬಾವಿ ಟ್ಯಾಂಕನ್ನು ಮಾರುಕಟ್ಟೆಗೆ ತಂದಿತು. ಗಾಳಿ ತುಂಬಲು ಬಳಸಿದ್ದು ಟಯರುಗಳಲ್ಲಿರುವ ಶ್ರೇಡರ್ ಕವಾಟವನ್ನೇ. ಪಾದರಸ ಬಾಯ್ಲ್‌ನ ಗಾಳಿಯನ್ನು ಬಂದಿಯಾಗಿಟ್ಟಂತೆ ಪೊರೆ ಈಗ ಟ್ಯಾಂಕಿನ ಗಾಳಿಯನ್ನು ಬಂದಿಯಾಗಿಟ್ಟಿತು. ‘ನಿರ್ದಿಷ್ಟ ದ್ರವ್ಯರಾಶಿ’ಯ ಷರತ್ತು ಮತ್ತೆ ನಿಜವಾಯಿತು.

ಇನ್ನೊಂದು ಲಾಭವೂ ಇತ್ತು. ಲೆಕ್ಕ ಮಾಡಿಯೇ ನೋಡೋಣ.

ಪೊರೆಯಿಲ್ಲದ 76 ಲೀಟರ್ ಟ್ಯಾಂಕಿನಲ್ಲಿ ಮೊದಲಿಗೆ ಇರುವುದು ವಾತಾವರಣದ ಒತ್ತಡದ ಗಾಳಿ, 14.7 ಪಿ.ಎಸ್.ಐ. ಮಾಪಕ 30 ತೋರಿಸುವಾಗ ನಿರಪೇಕ್ಷ ಒತ್ತಡ 44.7, ಆಗ ಗಾಳಿಯ ಗಾತ್ರ 76 × 14.7 ÷ 44.7 = 25 ಲೀಟರು. ಮಾಪಕ 50 ತೋರಿಸುವಾಗ 76 × 14.7 ÷ 64.7 = 17.3 ಲೀಟರು. ಇವುಗಳ ವ್ಯತ್ಯಾಸ 7.7 ಲೀಟರ್ ಎಂದರೆ ಪಂಪು ಶುರುವಾಗದೆ ನಿಮಗೆ ಸಿಗುವ ನೀರು.

ಪೊರೆಯಿರುವ ಅಷ್ಟೇ ದೊಡ್ಡ ಟ್ಯಾಂಕಿಗೆ ಮೊದಲೇ 28 ಪಿ.ಎಸ್.ಐ. ಗಾಳಿ ತುಂಬಿದೆ ಎನ್ನೋಣ, ನಿರಪೇಕ್ಷವಾಗಿ 42.7. ಈಗ 30ರಲ್ಲಿ ಗಾಳಿಯ ಗಾತ್ರ 72.6 ಲೀಟರು, 50ರಲ್ಲಿ 50.2 ಲೀಟರು. ಸಿಗುವ ನೀರು 22.4 ಲೀಟರು. ಅದೇ ಟ್ಯಾಂಕು, ಅದೇ ಜಾಗ. ನೀರು ಸುಮಾರು ಮೂರು ಪಟ್ಟು.

ಇಲ್ಲಿ ವಿದ್ಯಾರ್ಥಿಗಳು ಮಾಡುವ ತಪ್ಪೊಂದಿದೆ. ಮಾಪಕ ತೋರಿಸಿದ ಅಂಕಿಯನ್ನೇ ಸೂತ್ರಕ್ಕೆ ಹಾಕುವುದು. ಹಾಗೆ ಮಾಡಿದರೆ ಎರಡನೆಯ ಲೆಕ್ಕದಲ್ಲಿ 22.4ರ ಬದಲು 28.4 ಬರುತ್ತದೆ. ಮೊದಲನೆಯದರಲ್ಲಂತೂ ಆರಂಭದ ಒತ್ತಡ ಸೊನ್ನೆ, ಆದ್ದರಿಂದ ಗಾಳಿಯೂ ಸೊನ್ನೆ! ವಾತಾವರಣದ ಪಾಲನ್ನು ಮರೆತರೆ ಎಂಥ ಅಸಂಬದ್ಧವಾಗುತ್ತದೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಈ ಲೀಟರುಗಳಿಗೆ ಇಷ್ಟು ಮಹತ್ವ ಏಕೆ? ಮೋಟರು ಶುರುವಾಗುವ ಕ್ಷಣದಲ್ಲಿ ಎಳೆಯುವ ವಿದ್ಯುತ್ ಪ್ರವಾಹ ಓಡುವಾಗಿನದಕ್ಕಿಂತ ಐದಾರು ಪಟ್ಟು. ಪ್ರತಿ ಆರಂಭವೂ ಸುರುಳಿಗೆ ಒಂದು ಬಿಸಿ ಏಟು. ಒಮ್ಮೆ ಶುರುವಾದರೆ ಕಡೇಪಕ್ಷ ಒಂದು ನಿಮಿಷ ಓಡಬೇಕೆಂಬುದು ಸಣ್ಣ ಪಂಪುಗಳಿಗೆ ರೂಢಿಯ ನಿಯಮ. ದಿನಕ್ಕೆ ಸಾವಿರ ಲೀಟರ್ ಬಳಸುವ ಮನೆಯಲ್ಲಿ, ಒಂದು ಆರಂಭಕ್ಕೆ 22.4 ಲೀಟರ್ ಸಿಕ್ಕರೆ ಸರಿಸುಮಾರು 45 ಆರಂಭಗಳು. ಪೊರೆ ಹರಿದು ಒಂದೇ ಲೀಟರ್ ಸಿಗುವಂತಾದರೆ ಸಾವಿರ.

ಮುದುಕರು ತಟ್ಟಿ ನೋಡಿದ್ದು

ಈಗ ನನ್ನ ತಪ್ಪಿಗೆ ಬರೋಣ. ಪಂಪು ಸುಟ್ಟ ದಿನ ಬಾವಿ ಕೆಲಸದ ವಯಸ್ಸಾದವರೊಬ್ಬರು ಬಂದರು. ನೆಲಮಾಳಿಗೆಗೆ ಇಳಿದವರು ಮಾಪಕದ ಕಡೆ ನೋಡಲೂ ಇಲ್ಲ. ಮೊದಲು ಪಂಪಿನ ವಿದ್ಯುತ್ತನ್ನು ತೆಗೆದರು. ಆಮೇಲೆ ಬೆರಳ ಗೆಣ್ಣಿನಿಂದ ಟ್ಯಾಂಕನ್ನು ಮೇಲಿನಿಂದ ಕೆಳಗಿನವರೆಗೆ ತಟ್ಟುತ್ತಾ ಬಂದರು, ನಮ್ಮಲ್ಲಿ ಹಲಸಿನಹಣ್ಣನ್ನು ತಟ್ಟಿ ನೋಡುವಂತೆ. ಗಾಳಿಯಿರುವ ಕಡೆ ಕೊಡದಂತೆ ಮೊಳಗಬೇಕು. ಇಲ್ಲಿ ನೆತ್ತಿಯ ನಾಲ್ಕು ಬೆರಳು ಬಿಟ್ಟರೆ ಉಳಿದೆಲ್ಲ ಕಡೆ ‘ದಬ್ ದಬ್’. ಆಮೇಲೆ ಗಾಳಿಕವಾಟದ ನಡುವಿನ ಮೊಳೆಯನ್ನು ಒತ್ತಿ ಹಿಡಿದರು. ಒಂದಿಷ್ಟು ಗಾಳಿ ಉಸ್ಸೆಂದಿತು, ಹಿಂದೆಯೇ ನೀರು ಚಿಮ್ಮಿತು. ಗಾಳಿಯ ಕೋಣೆಯಲ್ಲಿ ನೀರು! ಪೊರೆ ಹರಿದಿತ್ತು. ಅಂದು ನನ್ನ ಬೆರಳಿಗೆ ತಾಗಿದ್ದು ಬೆವರಲ್ಲ.

ಮಾಪಕ ನನಗೆ ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ ಪ್ರಶ್ನೆಯೇ ತಪ್ಪು. ಗಾಳಿಯೂ ನೀರೂ ಒಂದನ್ನೊಂದು ಒತ್ತಿ ನಿಂತಿರುವಾಗ ಎರಡರ ಒತ್ತಡವೂ ಒಂದೇ. ಗಾಳಿ 70 ಲೀಟರ್ ಇರಲಿ, ಒಂದು ಲೋಟ ಇರಲಿ, ಮಾಪಕ 46 ಎಂದೇ ತೋರಿಸುತ್ತದೆ. ಒತ್ತಡ ಎಷ್ಟು ಎಂದು ತಿಳಿದರೆ ಗಾಳಿ ಎಷ್ಟಿದೆ ಎಂದು ತಿಳಿಯದು, ಗಾತ್ರವೂ ಗೊತ್ತಿರಬೇಕು. ಎರಡು ಮಾಪಕಗಳು ಒಂದೇ ಅಂಕಿ ತೋರಿಸಿದ್ದನ್ನು ನಾನು ಸಾಕ್ಷಿಯೆಂದು ತಿಳಿದೆ. ಅವು ಒಂದೇ ತೋರಿಸದೆ ಬೇರೆ ದಾರಿಯೇ ಇರಲಿಲ್ಲ.

ಹಾಗಾದರೆ ಸರಿಯಾದ ಪರೀಕ್ಷೆ ಯಾವುದು? ಮುದುಕರು ಹೊಸ ಟ್ಯಾಂಕನ್ನು ಕೂರಿಸುತ್ತಾ ತಮ್ಮನಿಗೆ ವಿವರಿಸಿದ್ದನ್ನು ಇಲ್ಲಿ ಕೊಡುತ್ತೇನೆ. ವರ್ಷಕ್ಕೊಮ್ಮೆ, ಮೊದಲು ವಿದ್ಯುತ್ ತೆಗೆಯಬೇಕು. ಆಮೇಲೆ ನಲ್ಲಿ ತೆರೆದು ನೀರಿನ ಒತ್ತಡ ಸೊನ್ನೆಗೆ ಬರುವವರೆಗೆ ಟ್ಯಾಂಕನ್ನು ಪೂರ್ತಿ ಬಸಿಯಬೇಕು. ಈಗ ಗಾಳಿ ಇಡೀ ಟ್ಯಾಂಕನ್ನು ತುಂಬಿರುತ್ತದೆ, ಗಾತ್ರ ಗೊತ್ತಾದಂತಾಯಿತು. ಈ ಸ್ಥಿತಿಯಲ್ಲಿ ಗಾಳಿಕವಾಟದಲ್ಲಿ ಅಳೆದ ಒತ್ತಡಕ್ಕೆ ಮಾತ್ರ ಅರ್ಥವುಂಟು. ಅದು ಪಂಪು ಶುರುವಾಗುವ ಒತ್ತಡಕ್ಕಿಂತ 2 ಪಿ.ಎಸ್.ಐ. ಕಡಿಮೆ ಇರಬೇಕು, 30ಕ್ಕೆ ಶುರುವಾಗುವ ಪಂಪಿಗೆ 28. ಕಡಿಮೆಯಿದ್ದರೆ ಸೈಕಲ್ ಪಂಪಿನಿಂದಲೇ ತುಂಬಿಸಬಹುದು. ಹೆಚ್ಚಾದರೆ ಪಂಪು ಶುರುವಾಗುವ ಮೊದಲೇ ಟ್ಯಾಂಕು ಬರಿದಾಗಿ ನಲ್ಲಿ ಒಂದು ಕ್ಷಣ ಸ್ತಬ್ಧವಾಗುತ್ತದೆ. ಕವಾಟದಿಂದ ನೀರು ಬಂದರೆ, ಅಥವಾ ತುಂಬಿದ ಗಾಳಿ ನಿಲ್ಲದಿದ್ದರೆ, ರಿಪೇರಿಯ ಮಾತಿಲ್ಲ, ಟ್ಯಾಂಕನ್ನೇ ಬದಲಿಸಬೇಕು. ನೀರು ತುಂಬಿದ ಹಳೆಯ ಟ್ಯಾಂಕಿನಲ್ಲಿ 76 ಕಿಲೋಗ್ರಾಂ ನೀರಿರುತ್ತದೆಂಬುದನ್ನೂ, ಒತ್ತಡವಿರುವ ಟ್ಯಾಂಕಿನ ಜೋಡಣೆಯನ್ನು ಸಡಿಲಿಸುವುದು ಅಪಾಯವೆಂಬುದನ್ನೂ ಮರೆಯಬಾರದು.

ಮೂರು ದಿನ ಆ ಮನೆಯವರು ಅಂಗಡಿಯಿಂದ ನೀರು ಹೊತ್ತು ತಂದರು. ಟ್ಯಾಂಕಿನ ಬೆಲೆಯ ಜೊತೆಗೆ ಆಳದ ಕೊಳವೆಬಾವಿಯಿಂದ ಪಂಪನ್ನು ಮೇಲೆತ್ತಿ ಹೊಸದು ಇಳಿಸಿದ ಖರ್ಚೂ ಸೇರಿತು. ಅಣ್ಣನೆಂಬ ಗೌರವಕ್ಕೆ ತಮ್ಮ ಏನೂ ಅನ್ನಲಿಲ್ಲ. ಆ ಮೌನ ಖರ್ಚಿಗಿಂತ ಭಾರವಾಗಿತ್ತು.

ತರಗತಿಗೆ

ಇದು ದೂರದ ದೇಶದ ಕಥೆ, ನಮಗೇಕೆ ಎಂದು ಕೇಳಬೇಡಿ. ಬೆಂಗಳೂರಿನಂಥ ನಗರಗಳ ಬಹುಮಹಡಿ ಕಟ್ಟಡಗಳಲ್ಲಿ ಪಂಪಿನ ಪಕ್ಕ ಇಂಥದೇ ಟ್ಯಾಂಕುಗಳಿವೆ. ತಾರಸಿ ಟ್ಯಾಂಕಿನ ಒತ್ತಡ ಸಾಲದೆಂದು ಮನೆಗಳಲ್ಲಿ ಹಾಕಿಸುವ ಪ್ರೆಷರ್ ಪಂಪುಗಳಲ್ಲೂ, ಅಡುಗೆಮನೆಯ ಕಟ್ಟೆಯ ಕೆಳಗೆ ಕೂರುವ ಕೆಲವು ಬಗೆಯ ನೀರು ಶುದ್ಧೀಕರಣ ಯಂತ್ರಗಳಲ್ಲೂ ಇದೇ ಪೊರೆ, ಇದೇ ಗಾಳಿ. ನಿಮ್ಮ ಪ್ರಯೋಗಶಾಲೆಗೆ ಇಷ್ಟೂ ಬೇಡ. ಸೂಜಿ ತೆಗೆದ ಎರಡು ಸಿರಿಂಜುಗಳು ಸಾಕು. ಒಂದರಲ್ಲಿ ಪೂರ್ತಿ ಗಾಳಿ. ಇನ್ನೊಂದರಲ್ಲಿ ನೀರು ತುಂಬಿ ಒಂದೇ ಒಂದು ಗುಳ್ಳೆ ಬಿಡಿ. ತುದಿಯನ್ನು ಬೆರಳಿನಿಂದ ಮುಚ್ಚಿ ಎರಡನ್ನೂ ಒಂದೇ ಬಲದಿಂದ ಒತ್ತಲು ಹೇಳಿ. ಒಳಗಿನ ಒತ್ತಡ ಎರಡರಲ್ಲೂ ಒಂದೇ. ಕೈಬಿಟ್ಟಾಗ ಒಂದರ ಕೊಂತ ದೂರ ಹಿಮ್ಮೆಟ್ಟುತ್ತದೆ, ಇನ್ನೊಂದರದು ಅಲ್ಲಾಡಿದಂತೆಯೂ ಕಾಣುವುದಿಲ್ಲ. ‘ಒತ್ತಡ ಒಂದೇ, ಆದರೂ ಏಕೆ ಹೀಗೆ?’ ಎಂದು ಕೇಳಿ, ಸುಮ್ಮನೆ ನಿಲ್ಲಿ. ಉತ್ತರ ಮಕ್ಕಳಿಂದಲೇ ಬರಲಿ.

ನಾನು ಈಗ ಬಾಯ್ಲ್ ನಿಯಮದ ಪಾಠವನ್ನು ಸೂತ್ರ ಬರೆದು ಆರಂಭಿಸುವುದಿಲ್ಲ. ಖಾಲಿ ಡಬ್ಬವೊಂದನ್ನೂ ನೀರು ತುಂಬಿದ ಡಬ್ಬವೊಂದನ್ನೂ ಮೇಜಿನ ಮೇಲಿಟ್ಟು, ಬೆರಳ ಗೆಣ್ಣಿನಿಂದ ತಟ್ಟಿ ಆರಂಭಿಸುತ್ತೇನೆ.